ಬಂದ ಹೊತ್ತು, ದಾಟಿದ ಹೊತ್ತು

ಫೆಬ್ರವರಿ 10, ಮಂಗಳವಾರ

ಮಧ್ಯಾಹ್ನ ಎರಡು ನಲವತ್ತಕ್ಕೆ ಮೇಜಿನ ಮೇಲಿದ್ದ ಮೊಹರುಗಳು ಒಂದಕ್ಕೊಂದು ತಾಗಿ ಕಟಕಟ ಅಂದವು. ಯಾವನೋ ಲಾರಿಯವನು ಹಿಂದಕ್ಕೆ ತೆಗೆಯುವಾಗ ಗೋಡೆಗೆ ಗುದ್ದಿರಬೇಕೆಂದು ಕಿಟಕಿಯಿಂದ ತಲೆ ಹಾಕಿ ಬೈದೆ. ಲಾರಿ ಇರಲಿಲ್ಲ. ಗೇಟಪ್ಪ ರಸ್ತೆಯ ನಡುವೆ ಕಾಲು ಅಗಲಿಸಿ ನಿಂತು, ತಾನಾಗಿಯೇ ಮೇಲೆ ಕೆಳಗೆ ಆಡುತ್ತಿದ್ದ ಅಡ್ಡಕಂಬವನ್ನು ನೋಡುತ್ತಿದ್ದ. "ಭೂಮಿ ಸಾರ್," ಅಂದ.

ಮೂರೂವರೆಗೆ ಸುದ್ದಿ ಬಂತು. ಇಲ್ಲಿಂದ ಮೂರು ಗಂಟೆ ದಾರಿಯ ಗುಡ್ಡದ ಊರು ಅರ್ಧಕ್ಕರ್ಧ ಮಲಗಿದೆ. ಪೇಟೆ ಬೀದಿ, ಶಾಲೆ, ಆಸ್ಪತ್ರೆ.

ಆ ಆಸ್ಪತ್ರೆಯಲ್ಲಿ ಗೇಟಪ್ಪನ ಮಗಳು ನರ್ಸು. ಹೆಂಡತಿ ಹೋದ ಮೇಲೆ ಅವನೊಬ್ಬನೇ ಸಾಕಿದ ಮಗಳು. ಅವಳ ಮೊದಲ ಸಂಬಳ ಬಂದ ದಿನ ಇಡೀ ಕಚೇರಿಗೆ ಚಹಾ ಕುಡಿಸಿದ್ದ. ಇಪ್ಪತ್ತೆರಡು ವರ್ಷದಿಂದ ಈ ಗಡಿ ಗೇಟಿನ ಕಂಬ ಎತ್ತುತ್ತ ಇಳಿಸುತ್ತ ಇರುವವನು. ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇದೆ, ಉಳಿದವರಿಗೆಲ್ಲ ಗೇಟಪ್ಪ. ಗೇಟಿನ ರಿಜಿಸ್ಟರನ್ನೂ ಅವನೇ ಬರೆಯುತ್ತಾನೆ. ಬಂದ ಹೊತ್ತು, ದಾಟಿದ ಹೊತ್ತು, ಷರಾ. ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ, ಅದನ್ನು ಅವನಿಗೆ ಹೇಳಿಲ್ಲ.

"ಪುಟ್ಟಿ ಫೋನು ಹೋಗ್ತಿಲ್ಲ ಸಾರ್."

"ಯಾರ ಫೋನೂ ಹೋಗ್ತಿಲ್ಲ ಕಣಯ್ಯ. ಲೈನು ಬಿದ್ದಿರತ್ತೆ."

ಅವನು ರಜೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಎಲ್ಲರ ರಜೆಯೂ ರದ್ದು ಎಂಬ ಸುತ್ತೋಲೆ ಬಂತು. ಅದನ್ನು ಓದಿ ಮಡಚಿ ಕೊಟ್ಟು, ಕಂಬದ ಹತ್ತಿರ ಹೋಗಿ ನಿಂತ.

ಆರು ದೇಶಗಳ ನೆರವಿನ ಒಪ್ಪಂದ ಜಾರಿಯಾಗಿದೆ, ಗಡಿಯ ಆ ಕಡೆಯಿಂದ ಸಹಾಯ ಬರಲಿದೆ ಎಂದು ಸಂಜೆ ರಾಜಧಾನಿಯಿಂದ ತಿಳಿಸಿದರು. ಇದಕ್ಕೆಂದೇ ಹದಿನಾಲ್ಕು ವರ್ಷದಿಂದ ಪ್ರತಿ ವರ್ಷ ಅಣಕು ಕಾರ್ಯಾಚರಣೆ ಮಾಡಿ ಫೋಟೋ ತೆಗೆಸಿಕೊಂಡಿದ್ದೇವೆ. ಇದು ನಿಜವಾದದ್ದು. ನಾನು ಗಡಿಯ ಪಶುವೈದ್ಯ, ನಾಲ್ಕು ಕಾಲಿನದ್ದು ಯಾವುದೂ ನನ್ನ ಮೊಹರಿಲ್ಲದೆ ದಾಟುವಂತಿಲ್ಲ. ಮನುಷ್ಯರ ಆಪತ್ತಿನಲ್ಲಿ ನನಗೇನು ಕೆಲಸ ಎಂದು ಹೊತ್ತಿಗೆ ಸರಿಯಾಗಿ ಮನೆಗೆ ಬಂದೆ.

"ಗೇಟಪ್ಪನ ಮಗಳು ಅಲ್ಲೇ ಇದಾಳಲ್ಲ, ಸ್ವಲ್ಪ ಹೊತ್ತು ಅವನ ಹತ್ರ ಕೂತು ಬರೋದಲ್ವಾ?" ಅಂದಳು ಮನೆಯವಳು.

"ನಾನು ಕೂತ್ರೆ ಬಿದ್ದಿದ್ದು ಎದ್ದು ನಿಲ್ಲತ್ತಾ?"

ಅವಳು ಅನ್ನ ಬಡಿಸಿದಳು.


ಫೆಬ್ರವರಿ 11, ಬುಧವಾರ. ವ್ಯಾನಿನಲ್ಲಿ

ಅಕ್ಷರ ಕುಣಿಯುತ್ತಿದೆ. ಆದರೂ ಇವತ್ತಿನದನ್ನು ಇವತ್ತೇ ಬರೆದಿಡಬೇಕು. ನಾಳೆ ಯಾರಾದರೂ ಕೇಳಿದರೆ ಉತ್ತರ ಇರಲಿ.

ಬೆಳಗ್ಗೆ ಆರು ಹತ್ತಕ್ಕೆ ಆ ಕಡೆಯವರ ವ್ಯಾನು ಬಂತು. ಐದು ಜನ, ನಾಲ್ಕು ನಾಯಿ. ಅವಶೇಷದಡಿ ಬದುಕಿರುವವರನ್ನು ವಾಸನೆಯಿಂದ ಹುಡುಕುವ ನಾಯಿಗಳು. ದಳಕ್ಕೆ ಒಬ್ಬ ಹೆಂಗಸು ನಾಯಕಿ. ಐವತ್ತರ ಆಸುಪಾಸು, ಗಂಡಸರಂತೆ ಕತ್ತರಿಸಿದ ಕೂದಲು, ಮೊಣಕಾಲವರೆಗೆ ಬೂಟು. ಅವರ ಮಾತೂ ನಮ್ಮದೇ, ರಾಗ ಮಾತ್ರ ಬೇರೆ.

ಕಾಗದ ನೋಡಿದೆ. ನಾಲ್ಕು ಪ್ರಾಣಿಗೂ ಸೇರಿ ಒಂದೇ ಆರೋಗ್ಯಪತ್ರ. ಪ್ರಾಣಿ ಸಂಖ್ಯೆ 1, 2, 3 ಸರಿ ಇದ್ದವು. ಪ್ರಾಣಿ ಸಂಖ್ಯೆ 4, ಒಂಬತ್ತು ವರ್ಷದ ಮುದಿ ಹೆಣ್ಣುನಾಯಿ. ಹುಚ್ಚುನಾಯಿ ರೋಗದ ರಕ್ತಪರೀಕ್ಷೆ ಒಂದು ವರ್ಷದ ಒಳಗಿನದಾಗಿರಬೇಕು, ಇದರದ್ದು ಐದು ದಿನ ಮೀರಿತ್ತು.

"ಐದು ದಿನ ಅಷ್ಟೇ ಅಲ್ವಾ ಡಾಕ್ಟ್ರೇ," ಅಂದಳು ನಾಯಕಿ.

"ನಿಯಮದಲ್ಲಿ ಅಷ್ಟೇ ಅನ್ನೋ ಮಾತಿಲ್ಲ."

"ಹಂಗಾದ್ರೆ ಅಜ್ಜೀನ ಇಲ್ಲೇ ಬಿಡ್ತೀವಿ. ಮೂರನ್ನ ಕರ್ಕೊಂಡು ಹೋಗ್ತೀವಿ." ಆ ಮುದಿ ನಾಯಿಗೆ ಅವರು ಅಜ್ಜಿ ಅನ್ನುತ್ತಾರೆ.

"ಪತ್ರ ಒಂದೇ ಅಲ್ವಾ? ಒಂದು ತಪ್ಪಿದ್ರೆ ಪತ್ರವೇ ತಪ್ಪು."

"ಹೋದ ವರ್ಷ ಎರಡೇ ನಿಮಿಷಕ್ಕೆ ಬಿಟ್ರಲ್ಲ!"

"ಹೋದ ವರ್ಷ ನೀವು ತಂದಿದ್ದು ನಾಯಿ ಅಲ್ಲಮ್ಮ, ಬೋರ್ಡು."

ಸುಳ್ಳಲ್ಲ. ಅಣಕು ಕಾರ್ಯಾಚರಣೆಗೆ ನಿಜವಾದ ನಾಯಿ ತಂದರೆ ಕಾಗದಪತ್ರದ ರಗಳೆ ಎಂದು ಅವರ ಒಬ್ಬ ಮನುಷ್ಯ 'ನಾಯಿ - 4' ಎಂದು ಬರೆದ ಹಲಗೆಯನ್ನು ಕುತ್ತಿಗೆಗೆ ನೇತು ಹಾಕಿಕೊಂಡು ಬಂದಿದ್ದ. ಸಾಹೇಬರುಗಳೆಲ್ಲ ನಕ್ಕರು, ನಾನು ಮೊಹರು ಒತ್ತಿದೆ. 'ಪ್ರಾಣಿ ತಪಾಸಣೆ: ಎರಡು ನಿಮಿಷ' ಎಂದು ವರದಿಯಾಗಿ ಚಪ್ಪಾಳೆ ಬಿತ್ತು. ಆ ಹಲಗೆ ಈಗಲೂ ಉಗ್ರಾಣದಲ್ಲಿ ಪೊರಕೆಗಳ ಹಿಂದೆ ಇದೆ. ಒಪ್ಪಂದದ ಪಟ್ಟಿಯಲ್ಲಿ ಔಷಧ ಇದೆ, ಡೇರೆ ಇದೆ, ಯಂತ್ರ ಇದೆ, ಸಿಬ್ಬಂದಿ ಇದ್ದಾರೆ. ನಾಯಿ ಇಲ್ಲ. ಅದು ನನ್ನ ತಪ್ಪೇ?

ಹನ್ನೊಂದು ವರ್ಷದ ಕೆಳಗೆ ಹೀಗೇ ಕರುಣೆ ಉಕ್ಕಿ ಒಂದು ಕುರಿಮಂದೆಯನ್ನು ಅರ್ಧ ಕಾಗದದಲ್ಲಿ ಬಿಟ್ಟಿದ್ದೆ. ತಿಂಗಳೊಪ್ಪತ್ತಿನಲ್ಲಿ ಗಡಿಯ ಅಕ್ಕಪಕ್ಕದ ದನಗಳೆಲ್ಲ ಕಾಲುಬಾಯಿ ರೋಗ ಬಂದು ಬಿದ್ದವು. ಆ ಮೆಮೋ ನನ್ನ ಕಡತದಲ್ಲಿ ಇನ್ನೂ ಇದೆ. ಬಿಸಿಹಾಲು ಕುಡಿದ ಬೆಕ್ಕು ಮಜ್ಜಿಗೆಯನ್ನೂ ಊದಿಕೊಂಡು ಕುಡಿಯುತ್ತದೆ.

ಗೇಟಪ್ಪ ಒಳಗೆ ಬಂದ. "ಬಿಟ್ಬಿಡಿ ಸಾರ್. ಪುಟ್ಟಿ ಅಲ್ಲಿದಾಳೆ."

"ಎಲ್ಲರಿಗೂ ಅಲ್ಲಿ ಯಾರೋ ಒಬ್ರು ಇದಾರೆ ಗೇಟಪ್ಪ. ಕಂಬ ಇಳಿಸು."

ಇಳಿಸಿದ.

ವಿನಾಯಿತಿ ಕೇಳಿ ನಿರ್ದೇಶಕರಿಗೆ ಫೋನು ಮಾಡಿದೆ. ಮಂತ್ರಿಗಳ ಸಭೆಯಲ್ಲಿದ್ದರು. ಎಂಟಕ್ಕೆ ಮಾಡಿದೆ, ಒಂಬತ್ತೂವರೆಗೆ ಮಾಡಿದೆ, ಹನ್ನೊಂದಕ್ಕೆ ಮಾಡಿದೆ. ನೆರವಿನ ಬಗ್ಗೆಯೇ ಸಭೆಯಂತೆ. ಆ ಕಡೆಯವರು ರಸ್ತೆಬದಿಯಲ್ಲಿ ನಾಯಿಗಳಿಗೆ ನೀರು ಕುಡಿಸುತ್ತ ನಿಂತಿದ್ದರು. ನಾಯಕಿ ಒಮ್ಮೆಯೂ ಕೂಗಾಡಲಿಲ್ಲ. ಪ್ರತಿ ಅರ್ಧ ಗಂಟೆಗೆ ಬಂದು ನನ್ನ ಮೇಜಿನ ಮುಂದೆ ನಿಂತು, ಗಡಿಯಾರ ನೋಡಿ ಹೋಗುತ್ತಿದ್ದಳು. ಕೂಗಾಡಿದ್ದರೆ ನನಗೂ ಉತ್ತರ ಕೊಡಲು ಸುಲಭವಾಗುತ್ತಿತ್ತು.

ಒಂದು ಇಪ್ಪತ್ತಕ್ಕೆ ಆದೇಶ ಬಂತು. ಬಿಡಬಹುದು, ಆದರೆ ಪ್ರಾಣಿಗಳು ವಾಪಸು ಗಡಿ ದಾಟುವ ತನಕ ಗೇಟಿನ ಪಶುವೈದ್ಯರು ಅವುಗಳ ಜೊತೆಗೇ ಇರತಕ್ಕದ್ದು. ಹೋಗಲಾಡಿಸಲು ಹೋದ ಪೀಡೆ ಹೆಗಲೇರಿತು. ಉಟ್ಟ ಬಟ್ಟೆಯಲ್ಲೇ ಹತ್ತಿದೆ.

ಹೊರಡುವಾಗ ಗೇಟಪ್ಪ ಓಡಿ ಬಂದ. ಕೈಯಲ್ಲಿ ಒಂದು ಕಂದು ಸ್ವೆಟರು. "ಪುಟ್ಟೀದು. ನಾಯಿಗೆ ಮೂಸಕ್ಕೆ ಕೊಡಿ ಸಾರ್."

"ಅಣ್ಣಾ, ನಮ್ಮ ನಾಯಿ ಇಂಥೋರು ಅಂತ ಹುಡುಕಲ್ಲ," ಅಂದಳು ನಾಯಕಿ. "ಉಸಿರಾಡ್ತಿರೋ ಯಾರಾದ್ರೂ ಸರಿ, ಹುಡುಕತ್ತೆ."

ಆದರೂ ಅವನು ಅದನ್ನು ನನ್ನ ತೊಡೆಯ ಮೇಲಿಟ್ಟ. ಆಮೇಲೆ ಕಿಟಕಿಯೊಳಗೆ ಬಗ್ಗಿ ಮೆಲ್ಲಗೆ, "ನೀವು ಯೋಚ್ನೆ ಮಾಡ್ಬೇಡಿ ಸಾರ್, ರಿಜಿಸ್ಟರು ನಾನು ನೋಡ್ಕೋತೀನಿ," ಅಂದ. ರಿಜಿಸ್ಟರಿನಲ್ಲಿ ನೋಡಿಕೊಳ್ಳುವುದೇನಿದೆಯೋ.

ಒಂದು ಇಪ್ಪತ್ತೈದಕ್ಕೆ ಗೇಟು ದಾಟಿದೆವು. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿದೆ. ಪ್ರಾಣಿ ಸಂಖ್ಯೆ 4 ನನ್ನ ಬೂಟಿನ ಮೇಲೆ ತಲೆಯಿಟ್ಟು ಮಲಗಿದೆ, ಪ್ಯಾಂಟಿಗೆಲ್ಲ ಕೂದಲು.


ಅದೇ ದಿನ, ಸಂಜೆ

ನಾಲ್ಕೂವರೆಗೆ ತಲುಪಿದೆವು. ಆಸ್ಪತ್ರೆಯ ಮೂರು ಮಹಡಿಗಳು ಒಂದರ ಮೇಲೊಂದು ಕೂತುಬಿಟ್ಟಿವೆ. ನಡುವೆ ಹಾಸಿಗೆಯ ಬಟ್ಟೆಗಳು ತೂಗುತ್ತಿವೆ.

ಮೊದಲು ಮುದಿಯದನ್ನೇ ಬಿಟ್ಟರು. ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆ ಇದ್ದ ಕಡೆ ನಿಂತು ಬೊಗಳಿತು. ಗಡಿಯಾರ ನೋಡಿದೆ, ಐದು ಹತ್ತು. ಆಳವಿರಲಿಲ್ಲ, ಒಂದು ಗೋಡೆ ಕೊರೆದರೆ ಸಾಕಾಯಿತು. ಏಳಕ್ಕೆ ಹತ್ತು ನಿಮಿಷವಿರುವಾಗ ಇಬ್ಬರನ್ನು ತೆಗೆದರು. ಒಬ್ಬಳು ವಾರ್ಡಿನ ಆಯಾ, ಜೀವ ಇದೆ. ಇನ್ನೊಬ್ಬಳು ನರ್ಸು, ಇಲ್ಲ.

ನಾಯಕಿ ಅವಳ ಕಂಕುಳಿಗೆ ಕೈಯಿಟ್ಟು ನೋಡಿ, "ತುಂಬಾ ಹೊತ್ತಾಗಿಲ್ಲ," ಅಂದಳು.

ಅಂಗಿಯ ಮೇಲೆ ಹೆಸರಿನ ಪಟ್ಟಿ ಇತ್ತು. ಟಾರ್ಚು ಹಿಡಿದು ಓದಿದೆ. ಅವಳ ಹೆಸರು, ಅದರ ಮುಂದೆ ತಂದೆಯದು. ಸಂಬಳದ ಪಟ್ಟಿಯಲ್ಲಿ ಮಾತ್ರ ಇರುವ ಆ ಹೆಸರು.


ಫೆಬ್ರವರಿ 12, ಗುರುವಾರ

ಆಯಾಳನ್ನು ಡೇರೆಯಲ್ಲಿ ಮಲಗಿಸಿದ್ದಾರೆ. ಕಾಲಿಗೆ ಕಟ್ಟು. ನೀರು ಕುಡಿಸಲು ಹೋದವನನ್ನು ಕೂರಿಸಿಕೊಂಡು ಮಾತಾಡಿದಳು. ಸುಮ್ಮನಾದರೆ ಮತ್ತೆ ಕತ್ತಲಾಗುತ್ತದೆ ಅನ್ನಿಸುತ್ತದಂತೆ.

"ಆ ಹುಡುಗಿ ಎದೆ ಮೇಲೆ ಒಂದು ವಾಚು ಇತ್ತು ನೋಡಿ, ನರ್ಸುಗಳು ಚುಚ್ಕೋತಾರಲ್ಲ, ಅದು. ಕತ್ಲಲ್ಲಿ ಹಸಿರಾಗಿ ಹೊಳೆಯೋದು. ಕಾಲಿಂದ ರಕ್ತ ಹೋಗ್ತಾನೇ ಇತ್ತು, ನನ್ನ ಸೆರಗು ಹರಿದು ತಾನೇ ಕಟ್ಕೊಂಡ್ಲು. ಗಂಟೆಗಂಟೆಗೂ ಟೈಮು ಹೇಳೋಳು. ಅಕ್ಕಾ, ಈಗ ಆರು. ಅಕ್ಕಾ, ಈಗ ಏಳು. ಹೆದರ್ಬೇಡ ಅಕ್ಕಾ, ಆ ಕಡೆ ದೇಶದೋರು ಬಂದೇ ಬರ್ತಾರೆ, ಗಡಿ ಗೇಟಲ್ಲಿ ನಮ್ಮಪ್ಪ ಇದಾನೆ, ಒಂದು ನಿಮಿಷ ನಿಲ್ಸಲ್ಲ ಅನ್ನೋಳು."

ಕೊನೆಯ ಸಲ ಎಷ್ಟು ಗಂಟೆ ಹೇಳಿದಳು ಎಂದು ಕೇಳಿದೆ.

"ಒಂದೂವರೆ. ಅದಾದ್ಮೇಲೆ ಹೇಳ್ಲಿಲ್ಲ."

"ಯಾವತ್ತಿನ ಒಂದೂವರೆ?"

"ನಿನ್ನೆ ಮಧ್ಯಾಹ್ನದ್ದು."

ಹೊರಗೆ ಬಂದು ಕಲ್ಲಿನ ಮೇಲೆ ಕೂತು ಲೆಕ್ಕ ಹಾಕಿದೆ. ಆರು ಹತ್ತಕ್ಕೆ ಬಂದರು. ಕಾಗದ ನೋಡಲು ಇಪ್ಪತ್ತು ನಿಮಿಷ ಎಂದರೂ ಆರೂವರೆ. ದಾರಿ ಮೂರು ಗಂಟೆ ಐದು ನಿಮಿಷ. ಅಜ್ಜಿ ಬೊಗಳಲು ನಲವತ್ತು ನಿಮಿಷ. ಗೋಡೆ ಕೊರೆಯಲು ಒಂದು ಗಂಟೆ ನಲವತ್ತು. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಅವಳು ಹೊರಗೆ. ಮೂರು ಸಲ ಕೂಡಿದೆ. ಮೂರು ಸಲವೂ ಅಷ್ಟೇ ಬಂತು.

ದಳದವರ ಉಪಗ್ರಹ ಫೋನಿನಿಂದ ಗೇಟಿಗೆ ಮಾಡಿದೆ. ಅವನೇ ಎತ್ತಿದ. ಹೇಳಿದೆ.

ಆಮೇಲೆ, "ತುಂಬಾ ನೋವಾಯ್ತಾ ಸಾರ್ ಅವಳಿಗೆ?" ಅಂದ.

"ಇಲ್ಲ ಗೇಟಪ್ಪ. ಕಟ್ಟಡ ಬಿದ್ದ ಕ್ಷಣಕ್ಕೇ ಹೋಗ್ಬಿಟ್ಟಿದಾಳೆ. ಗೊತ್ತೇ ಆಗಿಲ್ಲ ಅವಳಿಗೆ."

"ಹಂಗಾದ್ರೆ ಒಳ್ಳೇದು ಸಾರ್," ಅಂದ. ಮತ್ತೆ, "ನಾಯಿಗಳು ಏನಾದ್ರೂ ತಿಂದ್ವಾ?"

ಮಧ್ಯಾಹ್ನ ಒಂದು ಲಾರಿ ಹತ್ತಿ ಬಂದು ಮಗಳನ್ನು ಕರೆದುಕೊಂಡು ಹೋದನಂತೆ. ನಾನು ಆಗ ಶಾಲೆಯ ಕಡೆ ಇದ್ದೆ. ಅಲ್ಲಿ ನನಗೆ ಏನೂ ಕೆಲಸವಿರಲಿಲ್ಲ. ಹೇಡಿ ನಾನು. ಸ್ವೆಟರು ಚೀಲದಲ್ಲೇ ಉಳಿಯಿತು.


ಫೆಬ್ರವರಿ 13, ಶುಕ್ರವಾರ

ನಿನ್ನೆ ಸಂಜೆಯಿಂದ ಒಬ್ಬರೂ ಜೀವಂತ ಸಿಕ್ಕಿಲ್ಲ. ಸತ್ತವರ ಹತ್ತಿರ ಬಂದರೆ ನಾಯಿಗಳು ಬೊಗಳುವುದಿಲ್ಲ, ಕಿವಿ ಇಳಿಸಿ ವಾಪಸು ಬಂದು ನಾಯಕಿಯ ಕಾಲಿಗೆ ಒರಗುತ್ತವೆ. ಅಜ್ಜಿ ಬೆಳಗ್ಗೆಯಿಂದ ಹಾಗೆ ಒಂಬತ್ತು ಸಲ ಬಂದಳು. ಹತ್ತನೆಯ ಸಲ ಹೋಗಲೇ ಇಲ್ಲ, ಮಲಗಿಬಿಟ್ಟಳು.

"ಬೇಜಾರಾಗಿದೆ ಅವಳಿಗೆ," ಅಂದರು ನಾಯಕಿ. "ಯಾರೂ ಸಿಗದೇ ಇದ್ರೆ ಇನ್ನು ಯಾರೂ ಇಲ್ಲ ಅಂದ್ಕೋತಾಳೆ. ನಮ್ಮಲ್ಲೇ ಒಬ್ರು ಒಳಗೆ ಅಡಗಿ ಕೂತು ಅವಳಿಗೆ ಸಿಗ್ಬೇಕು. ನಮ್ಮೋರ ವಾಸನೆ ಎಲ್ಲಾ ಅವಳಿಗೆ ಅಭ್ಯಾಸ ಆಗ್ಬಿಟ್ಟಿದೆ. ನೀವು ಹೋಗ್ತೀರಾ ಡಾಕ್ಟ್ರೇ?"

ಹೋದೆ. ಪೇಟೆ ಬೀದಿಯಲ್ಲಿ ಒಂದು ಅಂಗಡಿಯ ತಾರಸಿ ಓರೆಯಾಗಿ ಬಿದ್ದು ಕೆಳಗೆ ಒಬ್ಬ ಮಲಗುವಷ್ಟು ಜಾಗ ಇತ್ತು. ನನ್ನನ್ನು ಒಳಗೆ ತೂರಿಸಿ ಸಂದಿಯ ಬಾಯಿಗೆ ಹಲಗೆ ಮುಚ್ಚಿ, ಮೇಲೆ ಇಟ್ಟಿಗೆ ಪೇರಿಸಿದರು. ಅಲ್ಲಾಡಬೇಡಿ, ಕೂಗಬೇಡಿ, ಹತ್ತು ನಿಮಿಷದಲ್ಲಿ ಬರುತ್ತಾಳೆ ಎಂದರು.

ಬಾಯಿಗೆ ಸುಣ್ಣದ ಪುಡಿ ಬಂತು. ಮೂಗಿನಿಂದ ಒಂದು ಗೇಣು ದೂರದಲ್ಲಿ ಕಾಂಕ್ರೀಟು. ಕೈ ಎತ್ತಿ ಗಡಿಯಾರ ನೋಡಿದರೆ ಏನೂ ಕಾಣಿಸುವುದಿಲ್ಲ, ನನ್ನದರಲ್ಲಿ ಹೊಳೆಯುವ ಮುಳ್ಳಿಲ್ಲ. ನೂರು ಎಣಿಸಿದೆ, ಇನ್ನೂರು ಎಣಿಸಿದೆ. ಹೊರಗೆ ಜನ ಇದ್ದಾರೆ, ಇದು ಆಟ ಎಂದು ಗೊತ್ತು. ಆದರೂ ನಾನೂರರ ಹತ್ತಿರ ಬಂದಾಗ, ಯಾರೋ ಇವರನ್ನು ದಾರಿಯಲ್ಲಿ ನಿಲ್ಲಿಸಿಕೊಂಡಿದ್ದಾರೆ, ಯಾವನೋ ಒಬ್ಬ ಕಾಗದ ನೋಡುತ್ತಿದ್ದಾನೆ ಅನ್ನಿಸಿ ಕೂಗಿಬಿಟ್ಟೆ. ಕೂಗಿದ್ದು ಯಾರಿಗೂ ಕೇಳಿಸಲಿಲ್ಲವಂತೆ.

ಆಮೇಲೆ ಉಗುರು ಕೆರೆಯುವ ಸದ್ದು. ಬೊಗಳಿಕೆ. ಸಂದಿಯಿಂದ ಒದ್ದೆ ಮೂಗು.

ಅಜ್ಜಿ ನನ್ನ ಮುಖ, ಕನ್ನಡಕ, ಕಿವಿ ಎಲ್ಲ ನೆಕ್ಕಿದಳು. ಬಾಲ ಎಷ್ಟು ಆಡಿಸಿದಳೆಂದರೆ ಹಿಂಗಾಲು ನೆಲದ ಮೇಲೆ ನಿಲ್ಲಲಿಲ್ಲ. ಸುತ್ತ ನಿಂತವರು ಚಪ್ಪಾಳೆ ತಟ್ಟಿ, "ಭೇಷ್ ಅಜ್ಜಿ, ಭೇಷ್" ಅಂದರು. ನಾನು ಎದ್ದು ಕೂತು ಅತ್ತೆ. ಧೂಳು ಕಣ್ಣಿಗೆ ಹೋಗಿದೆ ಎಂದು ಹೇಳಿದೆ, ಯಾರೂ ಕೇಳಿರಲಿಲ್ಲ. ಹನ್ನೊಂದು ನಿಮಿಷವಾಗಿತ್ತಂತೆ.


ಫೆಬ್ರವರಿ 14, ಶನಿವಾರ

ಯಾರೂ ಇಲ್ಲ.

ನಾಲ್ಕೂ ನಾಯಿಗಳ ಪಾದ ತೊಳೆದು ಮುಲಾಮು ಹಚ್ಚಿದೆ. ಅಜ್ಜಿಯ ಎಡಗಾಲಿಗೆ ಮೂರು ಹೊಲಿಗೆ.


ಫೆಬ್ರವರಿ 16, ಸೋಮವಾರ

ನಮ್ಮ ದಳ ಇವತ್ತು ಹೊರಟಿತು. ಐದು ದಿನದಲ್ಲಿ ಬದುಕಿ ಸಿಕ್ಕವರು ಏಳು ಜನ. ವಾಪಸಿಗೂ ನನ್ನ ಮೊಹರು ಬೇಕಲ್ಲ, ಗೇಟಿನಲ್ಲಿ ಪತ್ರ ಮುಂದಿಟ್ಟರು. ಅಜ್ಜಿಯ ರಕ್ತಪರೀಕ್ಷೆಗೆ ಈಗ ಹತ್ತು ದಿನ ಮೀರಿದೆ. ಒತ್ತಿದೆ.

ಕಂಬದ ಹತ್ತಿರ ಬೇರೆ ಕಡೆಯಿಂದ ಬಂದ ಕಾವಲುಗಾರ ಇದ್ದ. ಗೇಟಪ್ಪ ರಜೆಯಲ್ಲಿದ್ದಾರೆ.

ನಾಯಕಿ ನನ್ನ ಕೈಗೆ ಜಂಟಿ ವರದಿಯ ನಮೂನೆ ಕೊಟ್ಟರು. ಎರಡೂ ದೇಶದವರು ಸೇರಿ ತುಂಬಿ ಆರೂ ದೇಶಕ್ಕೆ ಕಳಿಸುವಂಥದು. ಎಲ್ಲ ತುಂಬಿದ್ದರು. ಗಡಿಗೆ ಬಂದ ಹೊತ್ತು, ಗಡಿ ದಾಟಿದ ಹೊತ್ತು ಎಂಬ ಎರಡು ಗೆರೆ ಖಾಲಿ.

"ಇದನ್ನ ಬಿಟ್ಟಿದೀರಿ."

"ಬೇಕು ಅಂತಲೇ ಬಿಟ್ಟಿದೀನಿ ಡಾಕ್ಟ್ರೇ. ನಾನು ಬರೆದ್ರೆ ಅದು ದೂರು ಆಗತ್ತೆ. ನಮ್ಮ ಮೇಲಿನೋರು ನಿಮ್ಮ ಮೇಲಿನೋರಿಗೆ ಬರೀತಾರೆ, ಅವರು ಇವರಿಗೆ ಬರೀತಾರೆ, ಅಲ್ಲಿಗೆ ಮುಗೀತು. ನೀವು ಬರೆದ್ರೆ ಮುಂದಿನ ಸಲ ಗೇಟು ತೆಗೆಯತ್ತೆ."

ನನಗೆ ಬೈಯಿರಿ ಎಂದು ಕೇಳಿಕೊಳ್ಳಬೇಕು ಅನ್ನಿಸಿತು. ಅವರು ಅಜ್ಜಿಯನ್ನು ಎತ್ತಿ ವ್ಯಾನಿನಲ್ಲಿ ಕೂರಿಸುತ್ತಿದ್ದರು.

ಸಂಜೆ ನಿರ್ದೇಶಕರ ಫೋನು. ಮುಂದಿನ ವಾರ ಆರು ದೇಶಗಳ ಸಭೆಯಂತೆ, ನಮ್ಮ ಗೇಟಿನ ಹೆಸರು ಹೇಳುತ್ತಾರಂತೆ. "ಒಪ್ಪಂದ ಕೆಲಸ ಮಾಡ್ತು ಅನ್ನೋದಕ್ಕೆ ನೀವೇ ಉದಾಹರಣೆ ಡಾಕ್ಟ್ರೇ. ಆ ಟೈಮಿನ ಕಾಲಮ್ಮಿದೆಯಲ್ಲ, ಎರಡರಲ್ಲೂ ಒಂದು ಇಪ್ಪತ್ತೈದು ಅಂತ ಹಾಕ್ಬಿಡಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಗೇಟಿನ ರಿಜಿಸ್ಟರಲ್ಲಿ ಇರತ್ತಲ್ಲ ಸಾರ್."

"ನೋಡಿದೀವಿ. ಅದರಲ್ಲೂ ಹಂಗೇ ಇದೆ," ಅಂದರು.


ಫೆಬ್ರವರಿ 18, ಬುಧವಾರ

ಎರಡು ದಿನ ಆ ರಿಜಿಸ್ಟರು ಮುಟ್ಟಲು ಧೈರ್ಯವಾಗಲಿಲ್ಲ. ಇವತ್ತು ತೆಗೆದೆ.

ಹನ್ನೊಂದನೇ ತಾರೀಖು. ಆ ಚೆಂದದ ಅಕ್ಷರದಲ್ಲಿ: ನಾಯಿ ದಳ. ಬಂದ ಹೊತ್ತು 1-25. ದಾಟಿದ ಹೊತ್ತು 1-25. ಷರಾ ಖಾಲಿ.

ಇಪ್ಪತ್ತೆರಡು ವರ್ಷದಲ್ಲಿ ಅವರು ಬರೆದ ಮೊದಲನೇ ಸುಳ್ಳು ಇದಿರಬೇಕು. ಕಿಟಕಿಯೊಳಗೆ ಬಗ್ಗಿ, ನೋಡ್ಕೋತೀನಿ ಅಂದಿದ್ದು ಇದನ್ನೇ. ಮಗಳು ಕಲ್ಲಿನಡಿ ಇದ್ದಾಳೋ ಇಲ್ಲವೋ ಗೊತ್ತಿಲ್ಲದ ಹೊತ್ತಿನಲ್ಲಿ, ಅವಳತ್ತ ಹೋಗುವ ದಾರಿಯನ್ನು ಮುಚ್ಚಿದವನ ಕೆಲಸ ಉಳಿಸಲು ಕೂತು ಬರೆದಿದ್ದಾರೆ.

ಈಗ ನಾನು ನಿಜ ಬರೆದರೆ ಅವರು ಸುಳ್ಳು ದಾಖಲೆ ಬರೆದವರಾಗುತ್ತಾರೆ. ಕೆಲಸ ಹೋಗಬಹುದು. ಮಗಳು ಹೋದಳು, ಇನ್ನು ಇದು. ಬರೆಯದಿದ್ದರೆ ಮುಂದಿನ ವರ್ಷ ಮತ್ತೊಬ್ಬ ಹಲಗೆ ನೇತು ಹಾಕಿಕೊಂಡು ಬರುತ್ತಾನೆ, ಮತ್ತೊಬ್ಬ ಮೊಹರು ಒತ್ತುತ್ತಾನೆ.

ಮನೆಯವಳಿಗೆ ಎಲ್ಲ ಹೇಳಿದೆ. ಆಯಾ ಹೇಳಿದ್ದು, ನಾನು ಫೋನಿನಲ್ಲಿ ಹೇಳಿದ್ದು ಕೂಡ. ಅವಳು ತಟ್ಟೆ ತೊಳೆಯುವುದನ್ನು ನಿಲ್ಲಿಸಿ ಒದ್ದೆ ಕೈಯಲ್ಲೇ ಕೂತಳು. "ಅವತ್ತೇ ಹೋಗಿ ಕೂತ್ಕೊಂಡು ಬನ್ನಿ ಅಂದೆ," ಅಂದಳು.


ಫೆಬ್ರವರಿ 20, ಶುಕ್ರವಾರ

ವರದಿ ಕಳಿಸಿದೆ. ಬಂದ ಹೊತ್ತು ಆರು ಹತ್ತು, ದಾಟಿದ ಹೊತ್ತು ಒಂದು ಇಪ್ಪತ್ತೈದು. ತಡೆದವನು ನಾನು, ಗೇಟಿನ ದಾಖಲೆ ಹಾಗಾಗಿದ್ದೂ ನನಗಾಗಿಯೇ, ಅದರ ಹೊಣೆಯೂ ನನ್ನದೇ ಎಂದು ಪ್ರತ್ಯೇಕ ಹಾಳೆಯಲ್ಲಿ ಬರೆದು ಸಹಿ ಮಾಡಿದೆ. ನಾಯಿಗಳನ್ನು ಒಪ್ಪಂದದ ಪಟ್ಟಿಗೆ ಸೇರಿಸಬೇಕು, ಪ್ರತಿ ನಾಯಿಗೂ ಬೇರೆ ಪತ್ರ ಇರಬೇಕು, ಕಾಗದ ಕಡಿಮೆ ಇದ್ದರೆ ವೈದ್ಯ ಜೊತೆಗೆ ಹೋಗಲಿ ಹೊರತು ನಾಯಿ ನಿಲ್ಲಬಾರದು, ಅಣಕು ಕಾರ್ಯಾಚರಣೆಗೂ ನಿಜವಾದ ನಾಯಿಯೇ ಬರಬೇಕು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಬುದ್ಧಿ, ಗೊತ್ತು. ಉಗ್ರಾಣದಿಂದ ಆ ಹಲಗೆ ತೆಗೆದು, ಧೂಳು ಒರೆಸಿ, ವರದಿಯ ಜೊತೆಗೇ ಕಟ್ಟಿ ಕಳಿಸಿದೆ.


ಫೆಬ್ರವರಿ 21, ಶನಿವಾರ

ಗೇಟಪ್ಪ ಕೆಲಸಕ್ಕೆ ಬಂದಿದ್ದರು. ಗಡ್ಡ ಬೋಳಿಸಿದ್ದರು, ಸಮವಸ್ತ್ರ ಸಡಿಲವಾಗಿತ್ತು. ಬೆಳಗ್ಗೆಯಿಂದ ನಾಲ್ಕು ಲಾರಿ ದಾಟುವ ತನಕ ನಾನು ಕೋಣೆಯಲ್ಲೇ ಕೂತಿದ್ದೆ. ಆಮೇಲೆ ಸ್ವೆಟರು ತೆಗೆದುಕೊಂಡು ನಾನೇ ಕಂಬದ ಪಕ್ಕ ಅವರು ಕೂರುವ ಕಟ್ಟೆಗೆ ಹೋದೆ.

ಪಕ್ಕದಲ್ಲಿ ಕೂತೆ. ಈ ಕಟ್ಟೆಯ ಮೇಲೆ ನಾನು ಹಿಂದೆ ಎಂದಾದರೂ ಕೂತಿದ್ದೆನೋ ನೆನಪಿಲ್ಲ. ಸ್ವೆಟರು ಕೊಟ್ಟೆ. ಮಡಚಿದ್ದನ್ನು ಬಿಚ್ಚಿ, ಮತ್ತೆ ತಮ್ಮ ರೀತಿಯಲ್ಲಿ ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ನಾನು ವರದಿ ಬರೆದಿದೀನಿ ಗೇಟಪ್ಪ. ಆರು ಹತ್ತಕ್ಕೆ ಬಂದ್ರು ಅಂತ."

"ನಿಮಗೆ ಇನ್ನು ಒಂದೂವರೆ ವರ್ಷ ಸರ್ವೀಸು ಇತ್ತಲ್ಲ ಸಾರ್."

"ಇರ್ಲಿ. ಇನ್ನೊಂದು ಮಾತು ಹೇಳ್ಬೇಕು. ಅವತ್ತು ಫೋನಲ್ಲಿ ನಾನು ಹೇಳಿದ್ದು ನಿಜ ಅಲ್ಲ. ಪುಟ್ಟಿ ಆ ಕ್ಷಣಕ್ಕೆ ಹೋಗ್ಲಿಲ್ಲ."

"ಗೊತ್ತು ಸಾರ್."

"ಹೆಂಗೆ?"

"ಕರ್ಕೊಂಡು ಬರಕ್ಕೆ ಹೋದಾಗ ಆಯಾ ಹೇಳಿದ್ಲು. ಎಲ್ಲಾ ಹೇಳಿದ್ಲು."

ಅಂದರೆ ಗುರುವಾರದಿಂದಲೇ ಗೊತ್ತು. ಅವಳು ಗಂಟೆಗಂಟೆಗೂ ಹೇಳಿದ್ದು, ಅಪ್ಪ ಗೇಟಿನಲ್ಲಿದ್ದಾನೆ ಅಂದದ್ದು, ಒಂದೂವರೆ. ನನಗೆ ತಲೆ ಎತ್ತಲಾಗಲಿಲ್ಲ. ಕ್ಷಮಿಸಿ ಅಂದೆ. ಅವರು ಎದ್ದು ಒಳಗೆ ಹೋಗಿ ರಿಜಿಸ್ಟರು ತಂದು, ಹನ್ನೊಂದನೇ ತಾರೀಖಿನ ಹಾಳೆ ತೆಗೆದು, ಅಳತೆಪಟ್ಟಿ ಇಟ್ಟು ಆ ಸಾಲನ್ನು ಒಂದೇ ಗೆರೆಯಲ್ಲಿ ಹೊಡೆದು ಹಾಕಿದರು. ಪೆನ್ನು ಹಿಡಿದು ಕಾದರು.

"ಎಷ್ಟು ಗಂಟೆಗೆ ಬಂದ್ವು ಸಾರ್?"

"ನಿಮಗೇ ಗೊತ್ತಲ್ಲ."

"ನೀವು ಹೇಳಿ. ನಾನು ಬರ್ಕೋತೀನಿ."

"ಆರು ಹತ್ತು."

ಬರೆದರು. "ದಾಟಿದ್ದು?"

"ಒಂದು ಇಪ್ಪತ್ತೈದು."

"ಷರಾ?"

"ಕಾಗದದ ಕಾರಣಕ್ಕೆ ಪಶುವೈದ್ಯರು ತಡೆದರು."

ಅದನ್ನೂ ಬರೆದರು. ನಾನು ಸಹಿ ಮಾಡಲು ಕೈ ಚಾಚಿದೆ. ಅವರು ಪುಸ್ತಕ ಕೊಡಲಿಲ್ಲ. ಷರಾದ ಕೆಳಗೆ, ಅದೇ ದುಂಡು ಅಕ್ಷರದಲ್ಲಿ, ನಾನು ಹೇಳದ ಇನ್ನೊಂದು ಸಾಲು ಬರೆದರು: ಅಡ್ಡಕಂಬ ಇಳಿಸಿದವನು ನಾನು. ಅದರ ಮುಂದೆ ಸಂಬಳದ ಪಟ್ಟಿಯಲ್ಲಿರುವ ತಮ್ಮ ಪೂರ್ತಿ ಹೆಸರು ಬರೆದರು.

ಆ ಕಡೆಯಿಂದ ಒಂದು ಲಾರಿ ಬಂದು ಹಾರ್ನು ಹೊಡೆಯಿತು. ಗೇಟಪ್ಪ ಪುಸ್ತಕವನ್ನು ನನ್ನ ಕೈಗಿಟ್ಟು, ಸ್ವೆಟರನ್ನು ಕಂಕುಳಲ್ಲಿ ಇಟ್ಟುಕೊಂಡು, ಕಂಬ ಎತ್ತಲು ಹೋದರು.